ಹದಿಮೂರರ ಮಗಳಿಗೆ ಯಾವ ದೆವ್ವದ ಸಿನಿಮಾ?

ಲಿಫ್ಟ್ ರಿಪೇರಿ ಮಾಡುವವನ ಮಗಳು ಲಿಫ್ಟ್ ಹತ್ತುವುದನ್ನೇ ಬಿಟ್ಟುಬಿಟ್ಟಳು. ಮನೆ ಇದ್ದದ್ದು ಐದನೇ ಮಹಡಿಯಲ್ಲಿ. ಬೆನ್ನ ಮೇಲೆ ಶಾಲೆಯ ಬ್ಯಾಗು ಹೊತ್ತು, ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತ ದಿನವೂ ಮೆಟ್ಟಿಲು ಹತ್ತತೊಡಗಿದಳು. ಕೇಳಿದವರಿಗೆ ವ್ಯಾಯಾಮ ಎಂದಳು. ನಿನ್ನ ಕೆಲಸದ ಮೇಲೆ ನಿನ್ನ ಮಗಳಿಗೇ ನಂಬಿಕೆ ಇಲ್ಲವಲ್ಲಪ್ಪ ಎಂದು ಅಕ್ಕಪಕ್ಕದವರು ಅವಳ ಅಪ್ಪನನ್ನು ಕಾಡಿಸಿದರು. ಅಪ್ಪನೂ ಜೊತೆಗೆ ನಕ್ಕ.

ಹುಡುಗಿಗೆ ಹದಿಮೂರು ತುಂಬಿ ತಿಂಗಳಾಗಿತ್ತಷ್ಟೆ. ಮಾತು ಜಾಸ್ತಿ ಎಂದು ಚಿಕ್ಕಂದಿನಿಂದ ಅವಳನ್ನು ಮಾತಿನಮಲ್ಲಿ ಎನ್ನುತ್ತಿದ್ದರು. ಕರೆಯುತ್ತ ಕರೆಯುತ್ತ ಅದು ಬರೀ ಮಲ್ಲಿ ಆಗಿತ್ತು. ಅಮ್ಮನಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುವ ಕೆಲಸ. ಸಂಜೆ ಮನೆಗೆ ಬಂದು ಅವಳು ಬೆರಳಿಗಂಟಿದ ಗೋಂದು ಉಜ್ಜಿ ತೊಳೆಯುತ್ತಿದ್ದರೆ, ಮಲ್ಲಿ ಬಾಗಿಲಿಗೊರಗಿ ಕ್ಲಾಸಿನ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಈಗ ಆ ಸುದ್ದಿಯೂ ನಿಂತಿತು. ಊಟದ ತಟ್ಟೆಯ ಮುಂದೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದಳು.

ಒಂದು ದಿನ ಅಮ್ಮ ಷೋಕೇಸು ಒರೆಸುವಾಗ ಅಜ್ಜಿಯ ಫೋಟೋ ಬೋರಲಾಗಿರುವುದನ್ನು ಕಂಡಳು. ಗಾಳಿಗೆ ಬಿದ್ದಿರಬೇಕೆಂದು ಎತ್ತಿ ನಿಲ್ಲಿಸಿದಳು. ಮರುದಿನ ನೋಡಿದರೆ ಮತ್ತೆ ಬೋರಲು. ಹೋದ ವರ್ಷ ತೀರಿಹೋದ ಆ ಅಜ್ಜಿ ಮಲ್ಲಿಯ ಅಪ್ಪನ ತಾಯಿ. ಮೊಮ್ಮಗಳನ್ನು ಕಣ್ಣರೆಪ್ಪೆಯಂತೆ ಕಾಪಾಡಿದವರು. ಫೋಟೋ ಮಗುಚಿದ್ದು ಮಗಳೇ ಎಂದು ತಿಳಿದಾಗ ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾರಣ ಕೇಳಿದ, ಅವಳು ಬಾಯಿ ಬಿಡಲಿಲ್ಲ. ಮೊದಲು ಲಿಫ್ಟು, ಈಗ ಫೋಟೋ ಎಂದು ರೇಗಿ, ಅದೇ ಸಿಟ್ಟಿನಲ್ಲಿ ಅವಳ ಕೈ ಹಿಡಿದೆಳೆದುಕೊಂಡು ಲಿಫ್ಟಿನ ಹತ್ತಿರ ಹೋದ. ಇದರಲ್ಲಿ ಹಗ್ಗ ಇದೆ, ಮೋಟಾರಿದೆ, ಇನ್ನೇನೂ ಇಲ್ಲ, ನೋಡು ಎಂದು ಒಳಗೆ ನೂಕಹೋದ. ಮಲ್ಲಿ ಹೊಸ್ತಿಲಿನಲ್ಲೇ ಕುಸಿದು ಕೂತಳು. ಅಪ್ಪನ ಕೈ ತಾನಾಗಿ ಸಡಿಲವಾಯಿತು.

ಆಗ ಅಮ್ಮನಿಗೆ ಮಗಳ ಹುಟ್ಟುಹಬ್ಬದ ಆ ಭಾನುವಾರದ ನೆನಪಾಯಿತು.

ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದಾಗ ಮಲ್ಲಿ ದೆವ್ವದ ಸಿನಿಮಾ ನೋಡಬೇಕು ಎಂದಿದ್ದಳು. ಕ್ಲಾಸಿನಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಾರೆ, ನಾನು ಮಾತ್ರ ಮಿಕಮಿಕ ನೋಡುತ್ತ ಕೂರಬೇಕು ಎಂಬುದು ಅವಳ ದೂರು. ಅಮ್ಮ ಬೇಡ ಎಂದಳು. ಸಿನಿಮಾ ತಾನೇ, ಬಿಡು ಎಂದ ಅಪ್ಪ, ಟಿವಿಯಲ್ಲಿ ಹುಡುಕಿ, ಪೋಸ್ಟರ್ ಯಾವುದು ಹೆಚ್ಚು ಭಯಂಕರವಾಗಿದೆಯೋ ಅದನ್ನೇ ಹಾಕಿದ. ಮೂಲೆಯಲ್ಲಿ ಹದಿನಾರು ದಾಟಿದವರಿಗೆ ಎಂಬ ಗುರುತಿತ್ತು. ಕಣ್ಣಿಗೆ ಬಿದ್ದರೂ ತಲೆಗೆ ಹಾಕಿಕೊಳ್ಳಲಿಲ್ಲ. ಅರ್ಧ ಗಂಟೆಯೂ ಆಗಿರಲಿಲ್ಲ, ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಿಂತು ಜನ ಸಿಕ್ಕಿಕೊಂಡಿದ್ದಾರೆಂದು ಫೋನ್ ಬಂತು. ಟೂಲ್ಸ್ ಬ್ಯಾಗ್ ಎತ್ತಿಕೊಂಡು ಹೋದ. ಅಮ್ಮ ಪ್ರೆಸ್ಸಿನಲ್ಲಿ ಓವರ್‌ಟೈಮ್ ಮಾಡುತ್ತಿದ್ದಳು. ಅಪ್ಪ ವಾಪಸಾದಾಗ ಸಿನಿಮಾ ಮುಗಿದಿತ್ತು, ಮಲ್ಲಿ ಎರಡೂ ಕಾಲು ಸೋಫಾದ ಮೇಲೆ ಎತ್ತಿಕೊಂಡು ಕೂತಿದ್ದಳು. ಚೆನ್ನಾಗಿತ್ತಾ ಎಂದು ಕೇಳಿದ್ದಕ್ಕೆ ಹೂಂ ಎಂದಳು. ಅಷ್ಟೇ.

ಇನ್ನು ಈ ಮನೆಯಲ್ಲಿ ದೆವ್ವದ ಸಿನಿಮಾ ಎಂಬ ಮಾತೇ ಎತ್ತಕೂಡದು ಎಂದು ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು.

ಈ ಗಲಾಟೆಯೆಲ್ಲ ಮೆಟ್ಟಿಲಿನುದ್ದಕ್ಕೂ ಕೇಳಿಸಿತ್ತು. ಎರಡನೇ ಮಹಡಿಯಲ್ಲಿದ್ದ ಟಾರ್ಚಮ್ಮ ಮಾರನೆಯ ದಿನ ಬೆಳಿಗ್ಗೆ ಮೇಲೆ ಬಂದರು. ಇಪ್ಪತ್ತಾರು ವರ್ಷ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸಿದ ಹೆಂಗಸು ಅವರು. ಮಲ್ಲಿ ಮೆಟ್ಟಿಲು ಹತ್ತಲು ಶುರುಮಾಡಿದಾಗಿನಿಂದ ಅವಳಿಗೆ ಬಾಗಿಲಲ್ಲಿ ನೀರು ಕೊಟ್ಟು ಕೂರಿಸುತ್ತಿದ್ದವರೂ ಅವರೇ.

ಅಪ್ಪ ತನ್ನ ವಾದ ಬಿಟ್ಟುಕೊಡಲಿಲ್ಲ. "ನಾವೆಲ್ಲ ಚಿಕ್ಕವರಿದ್ದಾಗ ಇಂಥವು ಎಷ್ಟು ನೋಡಿಲ್ಲ ಅಕ್ಕ. ಏನಾಯ್ತು ನಮಗೆ? ಇವಳೂ ಸ್ವಲ್ಪ ಗಟ್ಟಿ ಆಗ್ಬೇಕಲ್ವಾ?"

"ನಿನಗೇನೂ ಆಗಿರ್ಲಿಕ್ಕಿಲ್ಲಪ್ಪ. ನಿನ್ನ ಪಕ್ಕದ ಸೀಟಲ್ಲಿ ಕೂತಿದ್ದ ಮಗುಗೆ ಏನಾಯ್ತು ಅಂತ ನೀನು ನೋಡಿಲ್ಲ. ನಾನು ನೋಡಿದೀನಿ."

ಕತ್ತಲಲ್ಲಿ ಬಾಗಿಲ ಬಳಿ ನಿಂತವರಿಗೆ ಪರದೆಗಿಂತ ಜನರ ಮುಖವೇ ಚೆನ್ನಾಗಿ ಕಾಣುತ್ತದೆ ಎಂದು ಅವರು ಹೇಳಿದರು. ಕಿರುಚುವ ಮಕ್ಕಳ ಬಗ್ಗೆ ಅವರಿಗೆಂದೂ ಚಿಂತೆಯಾಗಿರಲಿಲ್ಲ. ಅವು ಕಿರುಚಿ, ಮರುಕ್ಷಣ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತವೆ. ಅವರ ಕಣ್ಣೆಲ್ಲ ಇರುತ್ತಿದ್ದದ್ದು ತಿನ್ನುವುದನ್ನು ನಿಲ್ಲಿಸಿ, ಸುಮ್ಮನಾಗಿ, ತಿರುತಿರುಗಿ ಬಾಗಿಲ ಕಡೆ ನೋಡುವ ಮಗುವಿನ ಮೇಲೆ. ಅಂಥ ಮಗುವನ್ನು ಅವರು ಮೆಲ್ಲಗೆ ಹೊರಗೆ ಕರೆತಂದು, ಬೆಳಕಿನಲ್ಲಿ ಕೂರಿಸಿ, ಒಂದೇ ಒಂದು ಮಾತು ಕೇಳುತ್ತಿದ್ದರು. ಈಗ ಮಲ್ಲಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೇ ಕೇಳಿದರು.

"ಯಾವ ಜಾಗದಲ್ಲಿ ಹೆದರಿಕೆ ಆಯ್ತು, ಪುಟ್ಟಾ?"

ಮಲ್ಲಿ ಬಹಳ ಹೊತ್ತು ಲಂಗದ ಅಂಚು ಸುತ್ತುತ್ತ ಕೂತಳು. ಆಮೇಲೆ ಹೇಳಿದಳು. ಸಿನಿಮಾದಲ್ಲಿ ಒಂದು ಆಸ್ಪತ್ರೆ. ಲಿಫ್ಟಿನ ಬಾಗಿಲು ತೆರೆದರೆ ಒಳಗೊಬ್ಬ ಮುದುಕಿ, ಆಸ್ಪತ್ರೆಯ ಹಸಿರು ಬಟ್ಟೆ, ಮೂಗಿಗೆ ಟ್ಯೂಬು. ಬೆನ್ನು ಹಾಕಿ ನಿಂತವಳು ತಿರುಗಿ ನೋಡುತ್ತಾಳೆ. ಆ ಮುಖ ನೋಡಬಾರದ ಮುಖ.

"ಅಜ್ಜಿಗೂ ಆಸ್ಪತ್ರೇಲಿ ಅದೇ ಥರ ಬಟ್ಟೆ ಹಾಕಿದ್ರು," ಎಂದಳು. "ಅಜ್ಜೀನೂ ಆಸ್ಪತ್ರೆಗೆ ಅಂತ ನಮ್ಮ ಲಿಫ್ಟಲ್ಲೇ ಕೆಳಗೆ ಹೋಗಿದ್ದು, ಮತ್ತೆ ಮೇಲೆ ಬರ್ಲಿಲ್ಲ. ಈಗ ಅಜ್ಜಿನ ನೆನಪು ಮಾಡ್ಕೊಂಡ್ರೆ ಆ ಮುಖಾನೇ ಬರುತ್ತೆ. ಫೋಟೋ ನೋಡಿದ್ರೂ ಹಾಗೇ ಆಗುತ್ತೆ. ಹೀಗೇ ಆದ್ರೆ ಅಜ್ಜಿ ಮುಖ ಪೂರ್ತಿ ಮರ್ತೋಗುತ್ತೆ ಅಂತ ಮಗುಚಿ ಇಟ್ಟೆ."

ಅಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಹೆತ್ತ ತಾಯಿಯ ಸ್ಟ್ರೆಚರನ್ನು ಆ ದಿನ ಅದೇ ಲಿಫ್ಟಿನೊಳಗೆ ತಳ್ಳಿದ್ದವನು ಅವನೇ. ವಾಪಸು ಬಂದು ಮಗಳ ಎದುರು ನೆಲದ ಮೇಲೆ ಕೂತ.

"ತಪ್ಪು ನಂದು ಕಣಮ್ಮ. ಏನಿದೆ ಅಂತ ನೋಡ್ದೆ ಹಾಕ್ಬಿಟ್ಟೆ. ನಿನ್ನೊಬ್ಬಳನ್ನೇ ಬಿಟ್ಟು ಬೇರೆ ಹೋದೆ."

ಆ ಬೆಳಿಗ್ಗೆ ಅವನು ಕೆಲಸಕ್ಕೆ ಹೋಗಲಿಲ್ಲ. ಹಳೆಯ ಫೋನ್ ಹುಡುಕಿ ಚಾರ್ಜಿಗೆ ಹಾಕಿದ. ಅದರಲ್ಲಿ ಅಜ್ಜಿಯ ಒಂದು ವಿಡಿಯೋ ಇತ್ತು. ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುತ್ತ, ಕದ್ದವರು ಯಾರೆಂದು ಎಲ್ಲರನ್ನೂ ವಿಚಾರಿಸುವ ಅಜ್ಜಿ. ಮಲ್ಲಿ ಮೊದಲು ಬೆರಳ ಸಂದಿಯಿಂದ ನೋಡಿದಳು. ಮೂರನೇ ಸಲಕ್ಕೆ ಕೈ ತೆಗೆದು ನೋಡಿದಳು, ನಗುನಗುತ್ತ ಅತ್ತಳು.

ಭಯವೇನೂ ಒಂದೇ ದಿನಕ್ಕೆ ಹೋಗಲಿಲ್ಲ. ಅವಸರ ಮಾಡಬೇಡಿ, ಅಣಕಿಸಬೇಡಿ, ಇನ್ನೂ ಕೆಲವು ವಾರ ಊಟ ನಿದ್ದೆ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ಅದರಲ್ಲಿ ನಾಚಿಕೆ ಏನಿಲ್ಲ ಎಂದು ಟಾರ್ಚಮ್ಮ ಹೇಳಿಹೋಗಿದ್ದರು. ಅಪ್ಪ ಮತ್ತೆ ಬಲವಂತ ಮಾಡಲಿಲ್ಲ, ಅವಳ ಜೊತೆ ತಾನೂ ಮೆಟ್ಟಿಲು ಹತ್ತಿದ. ಹದಿನೆಂಟನೇ ದಿನ ಮಲ್ಲಿಯೇ ಒಂದು ಮಹಡಿ ಮಾತ್ರ ಎಂದು ಷರತ್ತು ಹಾಕಿ ಅಪ್ಪನೊಂದಿಗೆ ಲಿಫ್ಟಿನಲ್ಲಿ ಹೋದಳು. ಫೋಟೋ ಷೋಕೇಸಿನ ಮೇಲೆ ನಿಂತಿತು.

ಅಮ್ಮ ಮಾತ್ರ ತನ್ನ ನಿಷೇಧ ಸಡಿಲಿಸಲಿಲ್ಲ. ಅದಕ್ಕೂ ಟಾರ್ಚಮ್ಮನೇ ಬರಬೇಕಾಯಿತು.

"ನೀನು ಬೇಡ ಅಂದ್ರೆ ಇವಳು ನೋಡಲ್ಲ ಅಂದ್ಕೊಂಡಿದೀಯಾ? ಯಾರದೋ ಫೋನಲ್ಲಿ, ಬೆಂಚಿನ ಕೆಳಗೆ ನೋಡ್ತಾಳೆ. ಆಗ ಹೆದರಿದ್ರೆ ನಿನ್ನ ಹತ್ರ ಹೇಳೋ ಹಾಗೂ ಇರಲ್ಲ. ಈ ವಯಸ್ಸಲ್ಲಿ ಭಯಾನೂ ಒಂದು ಆಟವೇ. ಆಟಕ್ಕೆ ಬೇಲಿ ಹಾಕು, ಬೀಗ ಹಾಕ್ಬೇಡ."

ಅಮ್ಮ ಯೋಚಿಸಿದಳು. ಇಷ್ಟಾದ ಮೇಲೂ ನಿನಗೆ ಬೇಕಾ ಎಂದು ಮಗಳನ್ನೇ ಕೇಳಿದಳು. ಬೇಕು, ಆದರೆ ಆಸ್ಪತ್ರೆ ಇರಬಾರದು, ಸತ್ತ ಅಜ್ಜಿಯರು ಇರಬಾರದು ಎಂದಳು ಮಲ್ಲಿ. ಅಮ್ಮ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಳು.

ಆ ವಾರ ಅಪ್ಪ ಅಮ್ಮ ಇಬ್ಬರೂ ಕೂತು, ತಾವೇ ಮೊದಲು ನೋಡಲು ಶುರುಮಾಡಿದರು. ಜನ್ಮದಲ್ಲಿ ದೆವ್ವದ ಸಿನಿಮಾ ನೋಡದ ಅಮ್ಮ ದಿಂಬು ಅಪ್ಪಿಕೊಂಡು ನೋಡಿದಳು. ಮೊದಲನೆಯದರಲ್ಲಿ ರಕ್ತವೇ ರಕ್ತ, ಹತ್ತು ನಿಮಿಷಕ್ಕೆ ಆರಿಸಿದರು. ಎರಡನೆಯದಕ್ಕೆ ಹದಿಮೂರರ ಗುರುತೇ ಇತ್ತು, ಆದರೆ ಅದರಲ್ಲಿ ಹೆತ್ತ ತಾಯಿಯೇ ಮಗುವನ್ನು ಗುರುತು ಹಿಡಿಯುವುದಿಲ್ಲ. ನಮ್ಮ ಹುಡುಗಿಗೆ ಇದಾಗದು ಎಂದಳು ಅಮ್ಮ. ಮೂಲೆಯಲ್ಲಿ ತೋರಿಸುವ ವಯಸ್ಸು ಎಲ್ಲ ಮಕ್ಕಳಿಗೂ ಸೇರಿಸಿ ಬರೆದದ್ದು, ಇವಳನ್ನು ನೋಡಿ ಬರೆದದ್ದಲ್ಲ ಎಂದು ಅಪ್ಪನಿಗೆ ಆಗ ಅರ್ಥವಾಯಿತು. ಮೂರನೆಯದು ಹಿಡಿಸಿತು. ಹಳೇ ಮನೆ, ಬೀಗ ಹಾಕಿದ ಕೋಣೆ, ಗುಟ್ಟು ಬಯಲಿಗೆಳೆಯುವ ಮೂವರು ಮಕ್ಕಳು. ಭಯವಿತ್ತು, ಆದರೆ ಕೊನೆಗೆ ಬಾಗಿಲು ತೆರೆದು ಬೆಳಕು ಬೀಳುತ್ತಿತ್ತು.

ಭಾನುವಾರ ತಿಂಡಿಯಾದ ಮೇಲೆ, ಪರದೆ ಸರಿಸಿ, ಬಿಸಿಲು ಒಳಗೆ ಬಿಟ್ಟುಕೊಂಡು, ಟಾರ್ಚಮ್ಮನೂ ಸೇರಿ ಎಲ್ಲರೂ ಕೂತರು. ರಿಮೋಟು ಮಲ್ಲಿಯ ಕೈಯಲ್ಲಿತ್ತು. ಬೇಕೆಂದಾಗ ನಿಲ್ಲಿಸುವ ಹಕ್ಕು ಅವಳದು. ಅವಳು ಎರಡು ಸಲ ನಿಲ್ಲಿಸಿದಳು, ಒಂದು ಸಲ ತನಗಾಗಿ, ಇನ್ನೊಂದು ಸಲ ಅಪ್ಪ ಬೆಚ್ಚಿಬಿದ್ದನೆಂದು. ಹೆಚ್ಚು ಹೆದರಿಸಿದ ಜಾಗವನ್ನು ಟಾರ್ಚಮ್ಮ ಸದ್ದು ಆರಿಸಿ ಮತ್ತೆ ಹಾಕಿಸಿದರು. ಸದ್ದಿಲ್ಲದ ದೆವ್ವ ಯಾರೋ ಚಾದರ ಹೊದ್ದು ಓಡಾಡಿದ ಹಾಗಿತ್ತು. ಮುಗಿದ ಮೇಲೆ ಮಲ್ಲಿ ಮಾತಿಗೆ ಶುರುವಿಟ್ಟವಳು ಮಧ್ಯಾಹ್ನದ ಊಟದವರೆಗೂ ನಿಲ್ಲಿಸಲಿಲ್ಲ.

ಎರಡು ತಿಂಗಳ ಮೇಲೆ ಗೆಳತಿಯ ಮನೆಯಲ್ಲಿ ಹುಡುಗಿಯರೆಲ್ಲ ಸೇರಿದ್ದರು. ಸಂಜೆ ನಾಲ್ಕಕ್ಕೆ ಅಪ್ಪನಿಗೆ ಮಲ್ಲಿಯ ಫೋನ್ ಬಂತು.

"ಅಪ್ಪಾ, ಇವ್ರು ಒಂದು ಸಿನಿಮಾ ಹಾಕ್ತಿದಾರೆ. ಏನಿದೆ ಅದ್ರಲ್ಲಿ ಅಂತ ಕೇಳ್ದೆ. ಅದು ನನಗಲ್ಲ. ಕರ್ಕೊಂಡು ಹೋಗ್ತೀಯಾ?"

ಹಿಂದೆ ಯಾರೋ ಪುಕ್ಕಲಿ ಎಂದು ನಗುವುದು ಅಪ್ಪನಿಗೆ ಕೇಳಿಸಿತು. ಮಗಳ ದನಿ ಸ್ವಲ್ಪವೂ ನಡುಗಲಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಹೋದ. ಗೇಟಿನಲ್ಲಿ ಅವಳ ಜೊತೆ ಇನ್ನೊಬ್ಬ ಹುಡುಗಿಯೂ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ನನ್ನನ್ನೂ ಮನೆಗೆ ಬಿಡ್ತೀರಾ ಅಂಕಲ್ ಎಂದು ಕೇಳಿದಳು. ಅವಳಿಗೂ ಆ ಸಿನಿಮಾ ಬೇಡವಾಗಿತ್ತು, ಹೇಳಲು ಧೈರ್ಯ ಇರಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯ ಮಕ್ಕಳೂ ಇಂದೋ ನಾಳೆಯೋ ಇಂಥ ಸಿನಿಮಾ ಕೇಳುತ್ತಾರೆ. ಬೈಯಬೇಡಿ, ಕಣ್ಣು ಮುಚ್ಚಿ ಕೊಡಲೂಬೇಡಿ. ಮೂಲೆಯಲ್ಲಿರುವ ವಯಸ್ಸಿನ ಗುರುತು ಓದಿ, ನೀವೇ ಒಮ್ಮೆ ನೋಡಿ, ಆಮೇಲೆ ನಿಮ್ಮ ಮಗುವಿನ ಮನಸ್ಸಿನಲ್ಲಿ ಯಾವ ನೋವು ಇನ್ನೂ ಹಸಿಯಾಗಿದೆ ಎಂದು ಯೋಚಿಸಿ. ಹಾಕಿದ ಮೇಲೆ ಪಕ್ಕದಲ್ಲಿ ಕೂರಿ. ಮುಗಿದ ಮೇಲೆ, ಚೆನ್ನಾಗಿತ್ತಾ ಎಂದು ಕೇಳಿ ಎದ್ದು ಹೋಗಬೇಡಿ. ಯಾವ ಜಾಗದಲ್ಲಿ ಹೆದರಿಕೆಯಾಯಿತು ಎಂದು ಕೇಳಿ, ಉತ್ತರ ಬರುವವರೆಗೂ ಅಲ್ಲೇ ಇರಿ.