ಒಂದೇ ಸಲ ಕೇಳಿದ ಸಭಾಧ್ಯಕ್ಷ

ಮಾರ್ಲಿಸ್ ಓಸ್ಟ್‌ಬಿ ಶಾಸಕಿಯಾಗುವ ಮುಂಚೆ ಶಾಲಾ ಬಸ್ಸಿನ ಚಾಲಕಿ. ಚಾಲಕಿಯೇ ಹೊರತು ಚಾಲಾಕಿ ಅಲ್ಲ. ಆಕೆ ರಾಜಕೀಯಕ್ಕೆ ಬಂದದ್ದು ಗಂಡನ ಎದೆನೋವಿನ ದೆಸೆಯಿಂದ.

ಒಂದು ಚಳಿಗಾಲದ ಬೆಳಗ್ಗೆ ಗಂಡ ಆರ್ಡೆನ್ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದ. ಊರಿನ ಆಂಬುಲೆನ್ಸ್ ಶೆಡ್ಡಿನಲ್ಲಿ ಮದುಮಗನ ಹಾಗೆ ಥಳಥಳಿಸುತ್ತ ನಿಂತಿತ್ತು. ಅದು ಹೊರಡಬೇಕಾದರೆ ತರಬೇತಿ ಪಡೆದ ಇಬ್ಬರು ಬೇಕೆಂದು ರಾಜ್ಯದ ಕಾನೂನು. ಊರಲ್ಲಿ ಅಂಥವನು ಉಳಿದಿದ್ದು ಮಾಂಸದಂಗಡಿಯ ಗ್ಲೆನ್ ಒಬ್ಬನೇ. ಮಾರ್ಲಿಸ್ ಗಂಡನನ್ನು ಹಳದಿ ಬಸ್ಸಿನಲ್ಲಿ ಮಲಗಿಸಿ, ಪಕ್ಕದಲ್ಲಿ ಗ್ಲೆನ್‌ನನ್ನು ಕೂರಿಸಿ, ಹಿಮದಲ್ಲಿ ಆಸ್ಪತ್ರೆಯ ದಾರಿ ಹಿಡಿದಳು. ಶಾಲಾ ಬಸ್ಸು ರೈಲು ಹಳಿ ಸಿಕ್ಕಲ್ಲೆಲ್ಲ ನಿಂತು, ಬಾಗಿಲು ತೆರೆದು, ಕಿವಿಗೊಟ್ಟು ಕೇಳಬೇಕೆಂಬುದೂ ಕಾನೂನೇ. ಆಕೆ ನಿಲ್ಲಿಸಿದಳು. ಬಾಗಿಲು ತೆರೆದಳು. ಹಿಮ ಒಳಗೆ ಬಂತು.

“ಮಾರಾಯ್ತಿ, ಈ ಹಳಿ ಮೇಲೆ ರೈಲು ಬಂದು ಯಾವ ಕಾಲ ಆಯ್ತು! ಹೋಗೇ!” ಆರ್ಡೆನ್ ನರಳಿದ.

“ಸುಮ್ನೆ ಮಲ್ಕೊಳೋ. ರೂಲ್ಸ್ ಅಂದ್ರೆ ರೂಲ್ಸು.”

ಆರ್ಡೆನ್ ಹೇಗೋ ಬದುಕಿದ. ರೂಲ್ಸು ಮುರಿಯಲಾರದವಳಿಗೆ ರೂಲ್ಸು ಬದಲಾಯಿಸುವುದೊಂದೇ ದಾರಿ.

ಚುನಾವಣೆಗೆ ನಿಲ್ಲುತ್ತೀಯಾ ಎಂದು ಪಕ್ಷದ ಹಿರಿಯರು ಕೇಳಿದಾಗ, “ಅಯ್ಯೋ, ನಾನಾ? ಬೇಡಪ್ಪ” ಎಂದಳು. ಮತ್ತೆ ಕೇಳಿದಾಗ, “ಬೇರೆ ಯಾರೂ ಸಿಗ್ಲಿಲ್ವಾ?” ಮೂರನೇ ಸಲಕ್ಕೆ, “ಇಷ್ಟು ಹೇಳ್ತಿದ್ದೀರಲ್ಲ, ಆಗ್ಲಿ.” ನಮ್ಮ ಕಡೆ ಕಾಫಿಗೂ ಇದೇ ಕ್ರಮ. ಎರಡು ಸಲ ಬೇಡ, ಮೂರನೇ ಸಲಕ್ಕೆ ಅರ್ಧ ಕಪ್ಪು. ಮೊದಲ ಸಲಕ್ಕೇ ಬೇಕೆಂದವರನ್ನು ನಾವು ಅವರ ಅಂತ್ಯಕ್ರಿಯೆಗೂ ಕರೆಯುವುದಿಲ್ಲ.

ಎದುರಾಳಿಯ ಕರಪತ್ರದಲ್ಲಿ ಭರವಸೆಗಳ ಜಾತ್ರೆ. ಮಾರ್ಲಿಸ್‌ದು ಒಂದೇ: ಆಂಬುಲೆನ್ಸಿನ ಹಿಂಭಾಗದಲ್ಲಿ ರೋಗಿಯ ಪಕ್ಕ ತರಬೇತಿ ಪಡೆದವರೊಬ್ಬರಿದ್ದರೆ ಸಾಕು, ಮುಂದಿರುವವರಿಗೆ ಗಾಡಿ ಓಡಿಸಲು ಬಂದರಾಯಿತು. ಚರ್ಚಾಕೂಟದಲ್ಲಿ ತೆರಿಗೆಯ ಬಗ್ಗೆ ಕೇಳಿದರು. “ಅದನ್ನೂ ನೋಡೋಣ. ಮೊದ್ಲು ಆಂಬುಲೆನ್ಸ್.” ಬಂದೂಕಿನ ಬಗ್ಗೆ? “ಗುಂಡು ಬಿದ್ದವನಿಗೂ ಆಂಬುಲೆನ್ಸ್ ಬೇಕಲ್ಲ?” ಗೆದ್ದಳು.

ಕೆಳಮನೆಯಲ್ಲಿ ನನ್ನ ಪಕ್ಕದ ಕುರ್ಚಿ ಆಕೆಯದು. ಇಲ್ಲೊಂದು ಹಳೆಯ ಕೀಟಲೆ ಉಂಟು. ಹೊಸ ಸದಸ್ಯರ ಮೊದಲ ಮಸೂದೆಗೆ ಎಲ್ಲರೂ ವಿರೋಧದ ಕೆಂಪು ಗುಂಡಿ ಒತ್ತುತ್ತಾರೆ. ಗೋಡೆಯ ಫಲಕವೆಲ್ಲ ಕೆಂಪಾಗಿ ಹೊಸಬರ ಮುಖ ಬಿಳುಚಿದ ಮೇಲೆ, “ಇವರ ಮನಸ್ಸು ಬದಲಾಗ್ಬೇಕಾ?” ಎಂದು ಸಭಾಧ್ಯಕ್ಷ ಕೇಳಬೇಕು. ಹೊಸಬರು ಹೂಂ ಅನ್ನಬೇಕು. ನಾವು ನಕ್ಕು ಹಸಿರು ಒತ್ತಬೇಕು.

ಮಾರ್ಲಿಸ್‌ಳ ಆಂಬುಲೆನ್ಸ್ ಮಸೂದೆಯ ಸರದಿ ಬಂದದ್ದು ಮಸೂದೆಗಳನ್ನು ಮೇಲ್ಮನೆಗೆ ದಾಟಿಸುವ ಕೊನೆಯ ದಿನ. ಅಂದು ಬಿದ್ದದ್ದು ಮುಂದಿನ ಅಧಿವೇಶನದವರೆಗೆ ಏಳುವಂತಿಲ್ಲ. ಫಲಕ ಟೊಮೆಟೊ ತೋಟವಾಯಿತು. ಸಭಾಧ್ಯಕ್ಷ ವಿನ್ಸೆಂಟ್ ಕಾರ್ಬೋನೆ ನಮ್ಮೂರ ಅಳಿಯ, ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ಆತ ಮಾತಾಡಿದರೆ ಹರಾಜು ಕೂಗಿದಂತೆ.

“ಏನ್ಮೇಡಂ, ಇವರ ಮನಸ್ಸು ಬದಲಾಗ್ಬೇಕಾ ಹೇಗೆ?”

“ಅಯ್ಯೋ ಬೇಡ, ನನಗೋಸ್ಕರ ಯಾರೂ ತೊಂದರೆ ತಗೋಬೇಡಿ” ಎಂದಳು ಮಾರ್ಲಿಸ್.

ನಾವು ಹಸಿರು ಗುಂಡಿಯ ಮೇಲೆ ಬೆರಳಿಟ್ಟು ಎರಡನೇ ಪ್ರಶ್ನೆಗೆ ಕಾದೆವು. ಬೇಡ ಎಂದವರಿಗೆ ತಾವಾಗಿ ಬಡಿಸುವುದು ನಮ್ಮಲ್ಲಿ ಒರಟುತನ.

“ಬೇಡ್ವಾ? ಸರಿ ಹಾಗಾದ್ರೆ” ಎಂದು ಕಾರ್ಬೋನೆ ಮತದಾನ ಮುಗಿಸಲು ಸುತ್ತಿಗೆ ಎತ್ತಿದ.

ನಾನು ಆಕೆಯ ತೋಳು ಹಿಡಿದೆಳೆದೆ. “ಬೇಕು ಅನ್ನು ಮಾರ್ಲಿಸ್!”

“ಅದ್ಹೇಗೆ? ಇನ್ನೂ ಒಂದೇ ಸಲ ಕೇಳಿದ್ದಾರೆ.”

“ಅವನು ನ್ಯೂಜೆರ್ಸಿಯವ್ನು ಕಣೇ! ಎರಡನೇ ಸಲ ಕೇಳೋ ಜಾತಿ ಅಲ್ಲ!”

ಆಕೆ ಸುತ್ತಿಗೆಯನ್ನು ನೋಡಿದಳು. ಮುಖ ಕೆಂಪಾಯಿತು, ಫಲಕಕ್ಕಿಂತ ಕೆಂಪು. ಎದ್ದು ನಿಂತಳು.

“ಬೇಕು!”

ಮುಂದಿನ ಸಾಲಿನ ಹಿರಿಯರೊಬ್ಬರು, ಯಾರದೋ ಬಚ್ಚಲಮನೆಗೆ ಗೊತ್ತಿಲ್ಲದೆ ನುಗ್ಗಿದವರಂತೆ ಕಣ್ಣು ಕೆಳಗೆ ಹಾಕಿದರು.

“ನನಗೆ ಬೇಕು. ಈಗ್ಲೇ ಬೇಕು. ನನ್ನ ಗಂಡನ್ನ ಬಸ್ಸಲ್ಲಿ ಸಾಗಿಸಿದ್ದೀನಿ. ಇನ್ನೊಬ್ಬರನ್ನ ಹಾಗೆ ಸಾಗಿಸಲ್ಲ. ಒತ್ರಿ!”

ಒತ್ತಿದೆವು. ಫಲಕ ಗೋಧಿಯ ಪೈರಿನಂತೆ ಹಸಿರಾಯಿತು. ನಿದ್ದೆ ಹೋಗಿದ್ದ ಒಬ್ಬರದು ಮಾತ್ರ ಕೆಂಪಾಗಿಯೇ ಉಳಿಯಿತು.

ಕಾರ್ಬೋನೆ ಕೆಳಗಿಳಿದು ಬಂದ. “ಮೊದಲೇ ಹಾಗಂದಿದ್ರೆ ಮುಗೀತಿತ್ತಲ್ಲ, ಮೇಡಂ?”

“ಬಾಯಿಬಿಟ್ಟು ಕೇಳೋದು ಅಂದ್ರೆ ಏನು ಸ್ವಾಮಿ, ಮಾನ ಮರ್ಯಾದೆ ಬೇಡ್ವಾ?” ಎಂದಳು. ಹಾಗೆಂದವಳೇ ಗ್ಲೆನ್‌ಗೆ ಫೋನು ಹಚ್ಚಿದಳು. “ಇನ್ನು ಮೇಲ್ಮನೆ ಒಂದು ಬಾಕಿ. ಆದ್ರೂ ಗಾಡಿ ಬ್ಯಾಟರಿ ಚಾರ್ಜಿಗೆ ಹಾಕಿಡು.”

“ಅಲ್ಲೂ ಹೀಗೇ ಕೇಳ್ತೀಯಾ?” ಎಂದೆ ನಾನು.

“ಕೇಳ್ತೀನಿ” ಎಂದು ಮೂಗು ಒರೆಸಿಕೊಂಡಳು. “ಮರ್ಯಾದೆ ಹೋಗಿದ್ದು ಹೋಯ್ತು. ಆಂಬುಲೆನ್ಸಾದ್ರೂ ಬರ್ಲಿ.”