ಗೆರೆ ಎಳೆದ ಮೊಟ್ಟೆ

ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಆಕೆ ಮೊಟ್ಟೆಯಕ್ಕ. ಬೆಳಗಿನ ತಿಂಡಿಗೆ ಬುಟ್ಟಿಗಟ್ಟಲೆ ಮೊಟ್ಟೆ ಬೇಯಿಸುವುದು, ಬೆಂದದ್ದರ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವುದು ಆಕೆಯ ಕೆಲಸ. ಗೆರೆ ಇದ್ದರೆ ಬೆಂದದ್ದು, ಇಲ್ಲದಿದ್ದರೆ ಹಸಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಇರುತ್ತವಲ್ಲ, ಮನುಷ್ಯರ ಹಾಗೆ. ಪೆನ್ಸಿಲು ಸದಾ ತುರುಬಿನಲ್ಲೇ ಸಿಕ್ಕಿಕೊಂಡಿರುತ್ತಿತ್ತು. ಮನೆಗೆ ಬಂದು ಮಲಗಿದಾಗ ಚುಚ್ಚಿದರೇನೇ ಅದರ ನೆನಪು.

ಗಂಡ ಟೈಲರ್. ಸ್ಕೇಲಿಲ್ಲದೆ ಬಟ್ಟೆಯ ಮೇಲೆ ನೂಲು ಹಿಡಿದಂತೆ ಗೆರೆ ಎಳೆಯುತ್ತಿದ್ದ ಮನುಷ್ಯ. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಹಿಡಿತ ತಪ್ಪಿ ಅಂಗಡಿ ಮುಚ್ಚಿತು. ಒಮ್ಮೆ ಮೊಟ್ಟೆ ಬೇಯಲಿಟ್ಟು, ಪಾತ್ರೆ ಇಳಿಸಲು ಹೋಗಿ, ಕುದಿಯುವ ನೀರನ್ನು ಕಾಲ ಮೇಲೆ ಸುರಿದುಕೊಂಡ. ಬ್ಯಾಂಡೇಜು ಬದಲಾಯಿಸುವ ಕೆಲಸವೂ ಆಕೆಯ ತಲೆಗೇ ಬಂತು. ಅವನನ್ನು ನಮ್ಮ ಮನೆಗೆ ಕಳಿಸಿಬಿಡು, ಇಲ್ಲಿ ಹಗಲೆಲ್ಲ ಜನ ಇರುತ್ತಾರೆ ಎಂದು ಭಾವ, ಅಂದರೆ ಟೈಲರನ ಅಣ್ಣ, ಹೇಳಿದರು. ಟೈಲರಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಅಣ್ಣನ ಮನೆಯ ಮೂಲೆಯಲ್ಲಿ ಕೂತು ಅವರಿವರ ದಾರಿಗೆ ಅಡ್ಡವಾಗುವ ಬದುಕು ನೆನೆದರೇ ಆತನ ಮುಖ ಇಳಿದುಹೋಗುತ್ತಿತ್ತು. ಕೊನೆಗೆ ಗಂಡ ಹೆಂಡತಿ ಮಾತಾಡಿಕೊಂಡರು: ಒಬ್ಬನೇ ಇದ್ದು ಸುಧಾರಿಸಿಕೊಂಡರೆ ಇಲ್ಲೇ, ಇನ್ನೊಂದು ಎಡವಟ್ಟಾದರೆ ಭಾವನ ಮನೆ.

ಮನೆಗೆ ಏರ್ ಫ್ರೈಯರ್ ಬಂದದ್ದು ಆಗ. ಬೆಂಕಿ ಬೇಡ, ನೀರು ಬೇಡ. ಮೊಟ್ಟೆ ಇಟ್ಟು ಗುಂಡಿ ತಿರುಗಿಸಿದರೆ ಬಿಸಿಗಾಳಿಯಲ್ಲೇ ಬೇಯಿಸಿ, ಟಿಣ್ ಎಂದು ತಾನೇ ಆರಿಹೋಗುತ್ತದೆ. ನೀರು ಮುಟ್ಟಿಸದೆ ಮೊಟ್ಟೆ ಬೇಯಿಸುತ್ತಾರಂತೆ ಎಂದು ಮೊಟ್ಟೆಯಕ್ಕ ಮೂಗು ಮುರಿದಳು. ಚಿಪ್ಪಿನ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬಿದ್ದಿತ್ತು, ನಿಜ. ಆದರೆ ಬಿಡಿಸಿ ನೋಡಿದರೆ ಥೇಟು ನೀರಲ್ಲಿ ಬೆಂದದ್ದೇ. ಅಂದಿನಿಂದ ಆಕೆಯ ಮಧ್ಯಾಹ್ನದ ಡಬ್ಬಿಯ ಎರಡು ಮೊಟ್ಟೆ ಟೈಲರನ ಜವಾಬ್ದಾರಿ. ಬೆಂದದ್ದನ್ನು ತಣ್ಣೀರಿಗೆ ಹಾಕಿ, ಒರೆಸಿ, ಹೆಂಡತಿಯಂತೆಯೇ ಗೆರೆ ಎಳೆದು ಫ್ರಿಜ್ಜಿನಲ್ಲಿಡುತ್ತಿದ್ದ. ಆ ಗೆರೆಯೋ, ಎರೆಹುಳ ಹರಿದಂತೆ. ಇಟ್ಟು ಬಂದವನ ಮುಖದಲ್ಲಿ ಮಾತ್ರ ಮದುವೆಯ ಸೂಟು ಹೊಲಿದು ಮುಗಿಸಿದ ಗತ್ತು.

ಮೊಟ್ಟೆಯಕ್ಕನಿಗೆ ಖುಷಿಯಾಗಬೇಕಿತ್ತು. ನಿಜ ಹೇಳಬೇಕೆಂದರೆ, ಒಂದು ಎಡವಟ್ಟು ಆದರೆ ಆಗಿಬಿಡಲಿ ಎಂದೂ ಒಳಗೊಳಗೇ ಅನ್ನಿಸುತ್ತಿತ್ತು. ಕೆಟ್ಟವಳೆಂದಲ್ಲ, ಆಕೆಗೆ ಸಾಕಾಗಿತ್ತು. ಹಾಸ್ಟೆಲ್ಲಿನಲ್ಲಿ ನಿಂತು ನಿಂತು ಕಾಲು ಬಾತು, ಮನೆಗೆ ಬಂದರೆ ಆತನ ಸ್ನಾನ, ಮಾತ್ರೆ, ಬಟ್ಟೆ. ನಿದ್ದೆ ಎಂಬುದು ಬಸ್ಸಿನಲ್ಲಿ ಸಿಕ್ಕಿದರೆ ಉಂಟು.

ಒಂದು ದಿನ ಮಧ್ಯಾಹ್ನ ಹಾಸ್ಟೆಲ್ಲಿನಲ್ಲಿ ಡಬ್ಬಿ ತೆರೆದು, ಗೆರೆ ಇದ್ದ ಮೊಟ್ಟೆಯನ್ನು ಮೇಜಿನಂಚಿಗೆ ಕುಟ್ಟಿದಳು. ಲೋಳೆಯೆಲ್ಲ ಮಡಿಲಿಗೆ ಸುರಿಯಿತು. ಮೊಟ್ಟೆಯಕ್ಕನಿಗೇ ಹಸಿ ಮೊಟ್ಟೆ ತಿನ್ನಿಸಿದವರು ಯಾರಪ್ಪಾ ಎಂದು ಜೊತೆಯವರು ಬಿದ್ದು ಬಿದ್ದು ನಕ್ಕರು. ಆಕೆ ನಗಲಿಲ್ಲ. ಬೇಯಿಸದೆ ಗೆರೆ ಎಳೆದಿದ್ದಾರೆ, ಇವರ ತಲೆಯೂ ಕೈಕೊಟ್ಟಿತು ಎಂದುಕೊಂಡಳು. ಎರಡನೆಯದನ್ನು ಒಡೆದೂ ನೋಡಲಿಲ್ಲ. ಕೈ ಒರೆಸಿಕೊಂಡು ಭಾವನಿಗೆ ಫೋನ್ ಮಾಡಿ, ಸಂಜೆಯೇ ಬಂದು ಕರೆದುಕೊಂಡು ಹೋಗಿ ಎಂದಳು. ಫೋನ್ ಇಟ್ಟ ಮೇಲೆ ಹಾಯೆನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿದವಳಂತೆ ಮಡಿಲಿನ ಲೋಳೆಯನ್ನು ಉಜ್ಜಿ ಉಜ್ಜಿ ಒರೆಸಿದಳು.

ಮನೆಗೆ ಬಂದವಳೇ ಚಪ್ಪಲಿ ಬಿಡುವುದರೊಳಗೆ ಎಲ್ಲವನ್ನೂ ಹೇಳಿ ಮುಗಿಸಿದಳು. ಮೊಟ್ಟೆ ಹಸಿಯಿತ್ತು, ಭಾವ ಬರುತ್ತಿದ್ದಾರೆ, ಬಟ್ಟೆ ತುಂಬಿಕೊಳ್ಳಿ. ಟೈಲರ್ ತನ್ನ ಬಲಗೈ ನೋಡಿಕೊಂಡ.

"ಮರೆತಿರಬೇಕು. ನಂದೇ ತಪ್ಪು," ಎಂದ. ಎದ್ದು, ಹೊಲಿಗೆಯಂತ್ರದ ಖಾನೆಯಿಂದ ತನ್ನ ಹಳೇ ಕತ್ತರಿಯನ್ನು ತೆಗೆದು ಚೀಲಕ್ಕೆ ಮೊದಲು ಅದನ್ನೇ ಹಾಕಿಕೊಂಡ.

ಜಗಳಕ್ಕೆ ಸಿದ್ಧವಾಗಿ ಬಂದವಳಿಗೆ ಜಗಳವೇ ಸಿಗಲಿಲ್ಲ. ನೀರಿಗೆಂದು ಫ್ರಿಜ್ಜು ತೆರೆದಳು. ಬಾಗಿಲಿನ ಮೊಟ್ಟೆಯ ತಟ್ಟೆಯಲ್ಲಿ ಸಾಲಾಗಿ ಮೊಟ್ಟೆಗಳು. ಒಂದೊಂದರ ಮೇಲೂ ಗೆರೆ, ನೇರವಾಗಿ, ಒತ್ತಿ ಎಳೆದದ್ದು. ಒಳಗಿನ ಬಟ್ಟಲಲ್ಲಿ ಬೇರೆ ಎರಡು ಮೊಟ್ಟೆ: ಮೇಲೆ ಕಂದು ಚುಕ್ಕೆ, ಎರೆಹುಳದಂಥ ಗೆರೆ. ಆತ ಬೇಯಿಸಿಟ್ಟದ್ದು ಇಟ್ಟಲ್ಲೇ ಇತ್ತು. ಬೆಳಿಗ್ಗೆ ಅವಸರದಲ್ಲಿ ಗೆರೆ ಕಂಡದ್ದೇ ತಡ, ಆಕೆ ಬಾಗಿಲಿನದನ್ನು ಎತ್ತಿಕೊಂಡು ಹೋಗಿದ್ದಳು.

ಕೈ ತಾನಾಗಿ ತುರುಬಿಗೆ ಹೋಯಿತು. ಪೆನ್ಸಿಲು ಅಲ್ಲೇ ಇತ್ತು. ನಿನ್ನೆ ಸಂಜೆ ಅಂಗಡಿಯಿಂದ ಹಸಿ ಮೊಟ್ಟೆ ತಂದದ್ದು ನೆನಪಿತ್ತು. ತಟ್ಟೆಗೆ ಜೋಡಿಸಿದ್ದು ನೆನಪಿರಲಿಲ್ಲ.

"ನಾನು ಗೆರೆ ಎಳೆಯೋದನ್ನ ನೀವು ನೋಡಿದ್ರಾ?"

"ನೋಡಿದೆ. ನಿಂತಲ್ಲೇ ತೂಕಡಿಸ್ತಿದ್ದೆ, ಕೈ ಮಾತ್ರ ಕೆಲಸ ಮಾಡ್ತಿತ್ತು. ಹೇಗೂ ಬಟ್ಟಲಿಂದ ತಗೋತೀಯ ಅಂದ್ಕೊಂಡೆ."

"ಮತ್ತೆ ಈಗ ಯಾಕೆ ಹೇಳಲಿಲ್ಲ?"

ಟೈಲರ್ ಚೀಲದ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದ. "ನಾನು ಹೋದ್ರೆ ನೀನಾದ್ರೂ ನಿದ್ದೆ ಮಾಡ್ತೀಯಲ್ಲ ಅಂತ ಸುಮ್ಮನಾದೆ."

ಆಕೆಗೆ ನಾಚಿಕೆಯಾಯಿತು. ಅಳು ಬಂತು, ಅಳುವುದಕ್ಕೂ ತ್ರಾಣವಿರಲಿಲ್ಲ. ಭಾವನಿಗೆ ಫೋನ್ ಮಾಡಿ, ಬರಬೇಡಿ, ತಪ್ಪು ನನ್ನದೇ ಎಂದಳು. ಅರ್ಧ ದಾರಿಗೆ ಬಂದಿದ್ದ ಅವರು ನಾನೇನು ನಿಮ್ಮ ಕೈಗೊಂಬೆಯಾ ಎಂದು ರೇಗಿದರು. ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಚೀಲದಿಂದ ಕತ್ತರಿ ತೆಗೆದು ಖಾನೆಯಲ್ಲಿಟ್ಟು, ಬಟ್ಟಲನ್ನು ಗಂಡನ ಮುಂದೆ ತಂದಿಟ್ಟು ಕೂತಳು.

"ಹಸಿವಾಗ್ತಿದೆ. ನೀವೇ ಬಿಡಿಸಿಕೊಡಿ."

"ಹೊತ್ತಾಗತ್ತೆ."

"ಆಗಲಿ. ನಂಗೇನು ಅವಸರ."

ಎಡಗೈಯಲ್ಲಿ ಮೊಟ್ಟೆ ಒತ್ತಿ ಹಿಡಿದು, ನಡುಗುವ ಬಲಗೈಯಿಂದ ಆತ ಸಿಪ್ಪೆಯ ಚೂರು ಚೂರನ್ನೇ ಎಬ್ಬಿಸತೊಡಗಿದ. ಹೀಗೆ ತಿನ್ನುವುದನ್ನು ಇನ್ನೊಬ್ಬರು ಅಣಿ ಮಾಡುವಾಗ ಸುಮ್ಮನೆ ಕೂತು ಆಕೆಗೆ ಅಭ್ಯಾಸವೇ ಇರಲಿಲ್ಲ. ಅರ್ಧ ಸಿಪ್ಪೆ ಬಿಡುವಷ್ಟರಲ್ಲಿ ತಲೆ ಗೋಡೆಗೆ ವಾಲಿತು. ಟೈಲರ್ ಎಬ್ಬಿಸಲಿಲ್ಲ. ಮೆಲ್ಲಗೆ ಆಕೆಯ ತುರುಬಿನಿಂದ ಪೆನ್ಸಿಲು ಎಳೆದು ಪಕ್ಕಕ್ಕಿಟ್ಟು, ಉಳಿದ ಸಿಪ್ಪೆ ಬಿಡಿಸುತ್ತ ಕೂತ.