ಮನ್ನಾ ಆಗಿದ್ದ ದುಡ್ಡು

"ಎರಡೂವರೆ ಸಾವಿರಕ್ಕೆ ಬರ್ತೀರೋ ಇಲ್ವೋ, ಅಷ್ಟು ಹೇಳಿ," ಎಂದಳು ಮಗಳು.

ಶವ ಸಾಗಿಸುವ ವ್ಯಾನಿನ ಡ್ರೈವರ್ ಕಕ್ಕಾಬಿಕ್ಕಿಯಾದ. ಹದಿನೆಂಟು ವರ್ಷದ ಕಸುಬಿನಲ್ಲಿ ಈ ಬಾಡಿಗೆಗೆ ಚೌಕಾಸಿ ಮಾಡಿದವರನ್ನು ಅವನು ಕಂಡಿರಲಿಲ್ಲ. "ಮೂರು ಸಾವಿರ ಫಿಕ್ಸ್ ರೇಟ್ ಕಣಮ್ಮ. ಇದಕ್ಕೂ ಜಗ್ಗಾಡ್ತಾರಾ ಯಾರಾದ್ರೂ?"

"ಎರಡು ಮೈಲಿಗೆ ಮೂರು ಸಾವಿರನಾ? ವಾಪಸ್ ಬರೋವಾಗ ನಿಮಗೆ ಭಾರನೂ ಇರಲ್ಲ."

ಮಾತು ಹೊರಬಿದ್ದ ಮೇಲೆ ಅವಳಿಗೇ ಹೇಸಿಗೆಯಾಯಿತು. ಡ್ರೈವರ್ ಎರಡೂಮುಕ್ಕಾಲು ಸಾವಿರಕ್ಕೆ ಇಳಿದ. ಅವಳು ಗೋಡೆಗೆ ಮುಖ ಮಾಡಿ ಅತ್ತಳು. ನಿನ್ನೆ ಮಧ್ಯಾಹ್ನದಿಂದ ಕೈಕಾಲೇ ಆಡದವಳಿಗೆ ಕಣ್ಣು ಮುಚ್ಚಿಕೊಂಡು ಮಾಡಬಲ್ಲ ಕೆಲಸ ಚೌಕಾಸಿಯೊಂದೇ ಆಗಿತ್ತು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳದು ಖರೀದಿ ವಿಭಾಗ. ಗುಂಡಿ, ದಾರ, ಜಿಪ್ ಮಾರಲು ಬಂದವರು ಅವಳ ಮೇಜಿನಿಂದ ಬೆವರು ಒರೆಸಿಕೊಂಡೇ ಏಳುತ್ತಿದ್ದರು.

ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಅಂಗಡಿಗಳ ಬೋರ್ಡು ಬರೆದು ಬದುಕಿದ ಮನುಷ್ಯ, ಬೀದಿಗೆಲ್ಲ ಬೋರ್ಡಣ್ಣ. ನಿನ್ನೆ ಬ್ಯಾಂಕಿನಲ್ಲಿ, ಟೋಕನ್ ಹಿಡಿದು ಕುರ್ಚಿಯಲ್ಲಿ ಕೂತಿದ್ದವನು ನಂಬರ್ ಕೂಗಿದಾಗ ಏಳಲಿಲ್ಲ. ಅಷ್ಟೇ ಗೊತ್ತಿದ್ದದ್ದು.

"ಆ ಬ್ಯಾಂಕಿಗೆ ಇವನ್ಯಾಕೆ ಹೋದ?" ಸೋದರತ್ತೆ ಬೆಳಗಿನಿಂದ ಐದನೇ ಸಲ ಕೇಳಿದಳು. "ಆ ಸಾಲ ಮುಗಿದು ಐದು ವರ್ಷ ಆಯ್ತಲ್ಲ."

ಚಿಕ್ಕಪ್ಪ ಮಗಳ ಪಕ್ಕಕ್ಕೆ ಸರಿದು ದನಿ ತಗ್ಗಿಸಿದ. "ಮತ್ತೆ ಹೊಸ ಸಾಲ ಮಾಡಿದ್ನೋ ಏನೋ. ನೀನೆಲ್ಲೂ ಸಹಿ ಹಾಕಿಲ್ಲ ತಾನೇ?"

"ಒಂದು ಸಲ ಹಾಕಿ ಅನುಭವಿಸಿದ್ದು ಸಾಲದಾ ಚಿಕ್ಕಪ್ಪ?"

ಆ ಹಳೆಯ ಸಾಲದಿಂದಲೇ ಅವಳ ಮನೆ ಕೈತಪ್ಪಿತ್ತು. ಅದಕ್ಕೇ ಅಪ್ಪನ ಜೊತೆ ಮೂರು ವರ್ಷದಿಂದ ಮಾತು ಬಿಟ್ಟಿದ್ದಳು. ಈ ಸಲವೂ ಅಪ್ಪ ತನ್ನ ಹೆಸರನ್ನು ಎಲ್ಲಾದರೂ ಸಿಕ್ಕಿಸಿ ಹೋಗಿದ್ದರೆ?

*

ಐದು ವರ್ಷದ ಹಿಂದೆ ಬ್ಯಾಂಕ್ ಮ್ಯಾನೇಜರ್ ಮೇಜಿನ ಮುಂದೆ ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕೈಬರಹದ ಬೋರ್ಡು ಯಾರಿಗೂ ಬೇಡವಾದಾಗ ಸಾಲ ಮಾಡಿ ಪ್ರಿಂಟಿಂಗ್ ಮೆಷಿನ್ ತಂದಿದ್ದ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಮಗಳು ಜಂಟಿ ಸಾಲಗಾರಳಾಗಿ ಸಹಿ ಹಾಕಿದ್ದಳು. ಮೆಷಿನ್ ಎರಡನೇ ವರ್ಷವೇ ಕೈಕೊಟ್ಟಿತು, ಕಂತು ನಿಂತಿತು, ಬಾಕಿ ನಾಲ್ಕು ಲಕ್ಷ ಇಪ್ಪತ್ತು ಸಾವಿರಕ್ಕೆ ಬಂದು ನಿಂತಿತು.

"ಎರಡು ಲಕ್ಷ ನಲವತ್ತು. ಒಂದೇ ಸಲ ಕೊಡ್ತೀವಿ," ಎಂದಳು ಮಗಳು.

"ಆಗಲ್ಲಮ್ಮ."

"ಹಾಗಾದ್ರೆ ಮೆಷಿನ್ ತಗೊಂಡು ಹೋಗಿ. ಗುಜರಿಯವನೂ ಮುಟ್ಟಲ್ಲ ಅದನ್ನ."

ಅಪ್ಪ ಅವಳ ತೋಳು ಎಳೆದ. "ತಗೊಂಡಿದ್ದು ಪೂರ್ತಿ ಅಲ್ವೇನಮ್ಮ. ನಿಧಾನಕ್ಕೆ ಪೂರ್ತಿ ಕಟ್ಟಿಬಿಡೋಣ."

"ಅಪ್ಪ, ನೀನು ಸುಮ್ನಿರು."

ಒಂದೂವರೆ ಗಂಟೆ ಹಿಡಿಯಿತು. ಒಂದು ಲಕ್ಷ ಎಂಬತ್ತು ಸಾವಿರ ಮನ್ನಾ! ಕಾಗದದ ಕೊನೆಯ ಪುಟ ಓದದೆ ಸಹಿ ಹಾಕಿ, ಹೊರಗೆ ಬಂದು ಅಪ್ಪನಿಗೆ ಟೀ ಕುಡಿಸಿದಳು. ಸಿಕ್ಕಸಿಕ್ಕವರಿಗೆಲ್ಲ ಆ ಕತೆ ಹೇಳಿದಳು. ಅಪ್ಪನೂ ಹೇಳಿಕೊಂಡು ತಿರುಗಿದ, "ನಮ್ಮ ಹುಡುಗಿ ಮ್ಯಾನೇಜರ್ ನೀರಿಳಿಸಿಬಿಟ್ಲು" ಅಂತ.

ಎರಡು ವರ್ಷದ ನಂತರ ಅವಳು ಮನೆ ಸಾಲಕ್ಕೆ ಇನ್ನೊಂದು ಬ್ಯಾಂಕಿಗೆ ಹೋದಳು. ಹಳೇ ಸಾಲದ ದಾಖಲೆ ಸರಿಯಿಲ್ಲ, ಕೊಡೋಕಾಗಲ್ಲ ಅಂದರು. 'ಹಳೇ ಸಾಲ' ಎಂಬುದಷ್ಟೇ ಕಿವಿಗೆ ಬಿದ್ದದ್ದು. ಮುಂದಿನದನ್ನು ಕೇಳುವಷ್ಟು ತಾಳ್ಮೆ ಎಲ್ಲಿತ್ತು? ನೇರ ಅಪ್ಪನ ಅಂಗಡಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. "ನಿನ್ನ ಸಾಲ ನನ್ನ ಮನೆ ನುಂಗಿಬಿಡ್ತು. ಇನ್ನು ನನ್ನ ಹೊಸಿಲು ತುಳೀಬೇಡ." ಅಪ್ಪ ಕುಂಚ ಹಿಡಿದುಕೊಂಡೇ ನಿಂತಿದ್ದ.

*

ಒಂದೂವರೆಗೆ ಬ್ಯಾಂಕಿನ ಕ್ಯಾಶಿಯರಮ್ಮ ಬಂದರು. ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು. ಬಾಗಿಲಲ್ಲಿದ್ದವರೆಲ್ಲ ದಾರಿ ಬಿಟ್ಟರು, ಪ್ರೀತಿಯಿಂದಲ್ಲ.

"ಹೆಣ ಎತ್ತೋವರೆಗೂ ಕಾಯೋಕಾಗಲ್ವಾ ನಿಮಗೆ?" ಎಂದಳು ಅತ್ತೆ.

ಮಗಳು ಎದ್ದು ನಿಂತಳು. "ಎಷ್ಟು ಬಾಕಿ ಇದೆ, ಹೇಳಿ."

"ಸಾಲ ಇಲ್ಲಮ್ಮ. ಒಂದು ಕಂತು ಉಳಿದಿದೆ, ಅದರ ದುಡ್ಡೂ ಇಲ್ಲೇ ಇದೆ." ಕ್ಯಾಶಿಯರಮ್ಮ ಚೀಲದಿಂದ ಲಕೋಟೆ ತೆಗೆದರು. "ನಿನ್ನೆ ನಿಮ್ಮ ತಂದೆ ಕೈಯಲ್ಲಿತ್ತು. ಬಿದ್ದು ಹೋಗದೇ ಇರಲಿ ಅಂತ ನಾನೇ ತೆಗೆದಿಟ್ಟೆ."

"ಸಾಲ ಇಲ್ಲ ಅಂದ್ರೆ ಕಂತು ಯಾವುದಕ್ಕೆ?"

"ಅವತ್ತು ಮನ್ನಾ ಆಯ್ತಲ್ಲ, ಅದಕ್ಕೆ."

ಯಾರಿಗೂ ಅರ್ಥವಾಗಲಿಲ್ಲ. ಮನ್ನಾ ಆದದ್ದನ್ನು ಕಟ್ಟುವ ಹುಚ್ಚ ಯಾರು?

"ನೋಡಿಮ್ಮ," ಎಂದರು ಕ್ಯಾಶಿಯರಮ್ಮ, "ಕಡಿಮೆಗೆ ಒಪ್ಪಿಸಿದ್ರೆ ಸಾಲ ಮುಗಿಯುತ್ತೆ. ಆದ್ರೆ ದಾಖಲೆಯಲ್ಲಿ 'ಸೆಟಲ್ಡ್' ಅಂತ ಬೀಳುತ್ತೆ. ಅಂದ್ರೆ ಇವರು ಪೂರ್ತಿ ಕಟ್ಟಲಿಲ್ಲ, ಬ್ಯಾಂಕು ನಷ್ಟ ಮಾಡ್ಕೊಂಡು ಬಿಟ್ಟುಕೊಡ್ತು ಅಂತ. ಜಂಟಿ ಸಾಲ ಆದ್ರೆ ಇಬ್ಬರ ಹೆಸರಿಗೂ ಬೀಳುತ್ತೆ. ಆಮೇಲೆ ಯಾವ ಬ್ಯಾಂಕು ನೋಡಿದ್ರೂ ಹಿಂದೇಟು ಹಾಕುತ್ತೆ. ನಿಮ್ಮ ಮನೆ ಸಾಲ ನಿಂತಿದ್ದು ಅದಕ್ಕೇ. ನಿಮ್ಮ ತಂದೆ ಬಂದು ಕೇಳಿದಾಗ ನಾವೇ ಹೇಳಿದ್ವಿ."

"ಕಂತು ತಪ್ಪಿದ್ದಕ್ಕಲ್ವಾ?"

"ಅದೂ ಒಂದು ಕಪ್ಪುಚುಕ್ಕೆಯೇ, ಕೆಲವು ವರ್ಷ ಇರುತ್ತೆ. ಆದ್ರೆ ಪೂರ್ತಿ ಕಟ್ಟಿ ಮುಗಿಸಿದ್ರೆ ಕೊಡೋರು ಕೊಡ್ತಾರೆ. ಬಿಟ್ಟುಕೊಟ್ಟಿದ್ದನ್ನೂ ಕಟ್ಟಿದ್ರೆ 'ಕ್ಲೋಸ್ಡ್' ಅಂತ ತಿದ್ದಿಸ್ತೀವಿ ಅಂತ ನಮ್ಮವರು ಬರೆದುಕೊಟ್ಟಿದ್ರು. ತಿಂಗಳಿಗೆ ಐದು ಸಾವಿರ, ಮೂವತ್ತಾರು ತಿಂಗಳು."

ಮೂವತ್ತಾರು ತಿಂಗಳು. ಮಾತು ಬಿಟ್ಟೂ ಅಷ್ಟೇ ಆಗಿತ್ತು.

ಮಗಳಿಗೆ ಕೇಳಬೇಕಾದದ್ದು ನೂರಿತ್ತು, ಬಾಯಿಗೆ ಬಂದದ್ದು ಮಾತ್ರ ಖರೀದಿ ಮೇಜಿನ ಮಾತು. "ಬಡ್ಡಿ ಹಾಕಿದ್ರಾ?"

"ಇಲ್ಲ. ಅದನ್ನ ಅವರೇ ಬಿಡಿಸ್ಕೊಂಡ್ರು. 'ಮಗಳ ಥರ ಒಂದು ಸಲ ಮಾತಾಡಿ ನೋಡ್ತೀನಿ' ಅಂತ ಮ್ಯಾನೇಜರ್ ರೂಮಿಗೆ ಹೋದ್ರು. ಕುರ್ಚಿ ತುದೀಲಿ ಕೂತೇ ಕೇಳಿದ್ರು ಪಾಪ."

ಚಿಕ್ಕಪ್ಪ ಎದ್ದು ಹೊರಗೆ ಹೋದ.

"ನನಗ್ಯಾಕೆ ಹೇಳಲಿಲ್ಲ?" ಎಂದಳು ಮಗಳು. "ಚೌಕಾಸಿ ಮಾಡಿದ್ದು ನಾನು. ನನ್ನ ಕೈಯಾರೆ... ನಾನು ಅಪ್ಪನ್ನ ಬೈದೆ. ಬೀದೀಲಿ ನಿಂತು ಬೈದೆ."

"ನಾನೂ ಹೇಳಿದ್ದೆಮ್ಮ, ತಿಳಿಸಿ ಅಂತ. 'ಅವಳು ಅವತ್ತು ಗೆದ್ದಿದ್ದಾಳೆ, ನನಗೋಸ್ಕರ ಗೆದ್ದಿದ್ದು. ಅದನ್ನ ತಪ್ಪು ಅಂತ ನಾನು ಹೇಳಲ್ಲ' ಅಂದ್ರು."

ಮಗಳು ನೆಲದ ಮೇಲೆ ಕೂತುಬಿಟ್ಟಳು. ಅಳು ಬರಲಿಲ್ಲ. ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

ಕ್ಯಾಶಿಯರಮ್ಮ ಗಡಿಯಾರ ನೋಡಿಕೊಂಡರು. "ತಪ್ಪು ತಿಳೀಬೇಡಿ. ಒಪ್ಪಂದದ ಕೊನೇ ದಿನ ಇವತ್ತು. ಮೂರು ಗಂಟೆಗೆ ಕೌಂಟರ್ ಮುಚ್ಚುತ್ತೆ. ಅಷ್ಟರೊಳಗೆ ಕಟ್ಟದಿದ್ರೆ ಒಪ್ಪಂದ ರದ್ದು, ದಾಖಲೆ ಹಾಗೇ ಉಳಿಯುತ್ತೆ. ಸಿಬ್ಬಂದಿ ನಾವು ಕಟ್ಟೋ ಹಾಗಿಲ್ಲ. ಮುಕ್ತಾಯದ ಅರ್ಜಿಗೂ ನಿಮ್ಮ ಸಹಿಯೇ ಬೇಕು."

"ಅಪ್ಪನ್ನ ಬಿಟ್ಟು ಬ್ಯಾಂಕಿಗೆ ಹೋಗ್ತಾಳಾ ಯಾರಾದ್ರೂ?" ಎಂದಳು ಅತ್ತೆ.

"ಬಿಟ್ಟು ಹೋಗಲ್ಲ ಅತ್ತೆ," ಎಂದಳು ಮಗಳು. "ಎತ್ತಿ."

*

ಎರಡೂ ಮುಕ್ಕಾಲಿಗೆ ಶವದ ವ್ಯಾನು ಬ್ಯಾಂಕಿನ ಮುಂದೆ ನಿಂತಿತು. ಒಳಗೆ ಸಾಲಿನಲ್ಲಿದ್ದವರು ಗಾಜಿನಾಚೆ ಅದನ್ನು ಕಂಡು, ಕೆದರಿದ ತಲೆಯ ಹೆಂಗಸನ್ನು ಕಂಡು, ಒಬ್ಬೊಬ್ಬರೇ ಪಕ್ಕಕ್ಕೆ ಸರಿದರು.

ಕ್ಯಾಶಿಯರಮ್ಮ ಒಳಗಿನಿಂದ ಒಂದು ಕಡತ ತಂದು ಬಿಚ್ಚಿದರು. ಮೂವತ್ತೈದು ಚೀಟಿಗಳನ್ನು ಟ್ಯಾಗಿನಲ್ಲಿ ಪೋಣಿಸಿದ್ದರು. ಕಟ್ಟಿದವರ ಹೆಸರು ಎಂಬಲ್ಲಿ ಪ್ರತಿಯೊಂದರಲ್ಲೂ ಅವಳ ಹೆಸರು, ಇನಿಷಿಯಲ್ ಸಮೇತ. ಅದರ ಕೆಳಗೆ 'ಪರವಾಗಿ' ಎಂದು ಬರೆದು ಅಪ್ಪ ಸಹಿ ಹಾಕಿದ್ದ. ಅವಳು ಒಂದೊಂದೇ ಮಗುಚಿದಳು. ಅವಳು ಫೋನ್ ಎತ್ತದ ತಿಂಗಳು, ಅವಳು ಬೀದಿಯಲ್ಲಿ ಮುಖ ತಿರುಗಿಸಿದ ತಿಂಗಳು, ಎಲ್ಲ ತಿಂಗಳಲ್ಲೂ ಅವಳ ಹೆಸರಿತ್ತು.

ಲಕೋಟೆಯಲ್ಲಿದ್ದ ಕೊನೆಯ ಚೀಟಿಯನ್ನೂ ಅಪ್ಪ ನಿನ್ನೆಯೇ ತುಂಬಿದ್ದ. ಅವಳ ಹೆಸರು, ಕೆಳಗೆ 'ಪರವಾಗಿ'. ಅದರ ಮುಂದೆ ಸಹಿಯ ಜಾಗ ಖಾಲಿ.

"ಎಲ್ಲಿ ಹಾಕಲಿ?" ಎಂದಳು ಮಗಳು.

ಕ್ಯಾಶಿಯರಮ್ಮ ಕೆಂಪು ಪೆನ್ನು ತೆಗೆದು 'ಪರವಾಗಿ' ಎಂಬುದರ ಮೇಲೆ ಗೆರೆ ಎಳೆದು, ಚೀಟಿಯನ್ನು ಅವಳ ಕಡೆಗೆ ತಿರುಗಿಸಿದರು.